ಸ್ಟ್ಯಾಂಡರ್ಡ್ ಎಣ್ಣೆಯ ಕೂಟವೂ ಅಮೆರಿಕಾದ ರಾಜ್ಯನೀತಿಯೂ

೧

ಕನ್ನಡದಲ್ಲಿ ‘ಸೀಮೆ’ ಎಂಬುದು ಪೂರ್ವಪದವಾಗಿ ನಿಂತಾಗ ಹೊರನಾಡಿನಿಂದ ಬಂದ ವಸ್ತುವನ್ನು ಸೂಚಿಸುವುದು ವಾಡಿಕೆ. ಸೀಮೆಸುಣ್ಣ, ಸೀಮೆಬದನೆ, ಸೀಮೆಹಸು ಮುಂತಾದ ಮಾತುಗಳ ಸಾಲಿನಲ್ಲಿಯೇ ಸೀಮೆಎಣ್ಣೆಯೂ ಸೇರುತ್ತದೆ. ಹರಳೆಣ್ಣೆ ಹೊಂಗೆಯೆಣ್ಣೆಗಳ ಹಣತೆಯ ಪಕ್ಕದಲ್ಲಿ ಸೀಮೆಎಣ್ಣೆಯ ಬುಡ್ಡಿಯು ಬಂದು ನಿಂತದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಆಗ ಇಂಡಿಯಾ ದೇಶಕ್ಕೆ ಬರುತ್ತಿದ್ದ ಎಣ್ಣೆಯಲ್ಲಿ ಮೊದಮೊದಲು ಬಹುಭಾಗವು ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಂದ ಹಡಗೇರಿ ಬಂದುದಾಗಿತ್ತು. ರಷ್ಯಾದ ಎಣ್ಣೆಯೂ ಬರ್ಮಾದ ಎಣ್ಣೆಯೂ ಅದಕ್ಕೆ ಪೈಪೋಟಿಯಾಗಿ ಬಂದುವು. ಹೀಗೆ ಬಂದ ತಗಡಿನ ಡಬ್ಬಗಳು ಎಣ್ಣೆ ಮುಗಿದ ಮೇಲೆ ನೀರು ಸೇದುವುದಕ್ಕೂ ಧಾನ್ಯ ತುಂಬುವುದಕ್ಕೂ ಆಗಿ ಮನೆಮನೆಯ ಸಾಮಾನಾದುವು. ಆದರೆ ಆ ಡಬ್ಬದ ಹಿಂದೆ ಇದ್ದ ವರ್ತಕರ ಕೂಟವು ಎಂತಹುದು, ಅದು ತನ್ನ ನಾಡಿನ ಶಾಸನಸಭೆಗಳನ್ನೂ ನ್ಯಾಯಸ್ಥಾನಗಳನ್ನೂ ಎಂತು ಎದುರಿಸಿತು ಎಂಬ ಸಂಗತಿಗಳು ಡಬ್ಬದಷ್ಟು ಪರಿಚಿತವಾಗಲಿಲ್ಲ.

ಆ ಕೂಟದ ಹೆಸರು ಸ್ಟ್ಯಾಂಡರ್ಡ್ ಆಯಿಲ್ ಕಂಪೆನಿ. ಅದರ ಚರಿತ್ರೆಯನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳು ಬಹುಕಾಲದಿಂದ ಎದುರುಬದುರಾಗಿ ನಿಂತಿವೆ. ಅವ್ಯವಸ್ಥೆಯಲ್ಲಿ ಮುಳುಗಿದ್ದ ವ್ಯಾಪಾರವನ್ನು ಎತ್ತಿ ನಿಲ್ಲಿಸಿ ಬಡವರ ಮನೆಗೂ ಅಗ್ಗವಾದ ಬೆಳಕನ್ನು ಕೊಟ್ಟಿತೆಂಬುದು ಒಂದು ಪಕ್ಷ. ಗುಪ್ತ ಒಪ್ಪಂದಗಳಿಂದ ಎದುರಾಳಿಗಳನ್ನು ಮುರಿದು, ಹಣದಿಂದ ರಾಜ್ಯಾಂಗವನ್ನು ಮಲಿನಗೊಳಿಸಿತೆಂಬುದು ಇನ್ನೊಂದು ಪಕ್ಷ. ಎರಡಕ್ಕೂ ಆಧಾರಗಳುಂಟು. ಆ ಆಧಾರಗಳು ಯಾವುವು, ಅವು ಹೇಗೆ ದೊರೆತುವು, ಎಷ್ಟರ ಮಟ್ಟಿಗೆ ನಂಬತಕ್ಕವು ಎಂಬುದನ್ನು ವಿಚಾರಿಸಿದಲ್ಲದೆ ಯಾವ ನಿರ್ಣಯವೂ ನಿಲ್ಲಲಾರದು.

೨

೧೮೫೯ನೆಯ ಇಸವಿ ಆಗಸ್ಟ್ ೨೭ರಂದು ಪೆನ್ಸಿಲ್ವೇನಿಯಾ ಸಂಸ್ಥಾನದ ಟೈಟಸ್‌ವಿಲ್ ಎಂಬ ಊರಿನ ಬಳಿ ಎಡ್ವಿನ್ ಡ್ರೇಕ್ ಎಂಬವನು ತೋಡಿಸುತ್ತಿದ್ದ ಬಾವಿಯು ಸುಮಾರು ೬೯ ಅಡಿಗಳ ಆಳವನ್ನು ಮುಟ್ಟಿತು. ಅಲ್ಲಿ ಎಣ್ಣೆ ಕಂಡಿತು. ಡ್ರೇಕನನ್ನು ಜನರು ‘ಕರ್ನಲ್’ ಎಂದು ಕರೆಯುತ್ತಿದ್ದರೂ ಅವನು ಯಾವ ಸೈನ್ಯದಲ್ಲಿಯೂ ಆ ಪದವಿಯಲ್ಲಿದ್ದವನಲ್ಲ. ಈ ಸುದ್ದಿ ಹರಡಿದ ಕೂಡಲೆ ಜನರು ಆ ಕಣಿವೆಗೆ ಮುತ್ತಿದರು. ನೆಲದ ಮೇಲಿನ ಹಕ್ಕು ಯಾರದೋ ಅವನಿಗೆ ನೆಲದೊಳಗಿನ ಎಣ್ಣೆಯನ್ನು ಎತ್ತಿಕೊಳ್ಳುವ ಹಕ್ಕೂ ಇದ್ದುದರಿಂದ, ನೆರೆಯವನು ಎತ್ತುವುದಕ್ಕೆ ಮೊದಲು ತಾನೇ ಎತ್ತಬೇಕೆಂಬ ಆತುರವು ಎಲ್ಲರನ್ನೂ ಹಿಡಿಯಿತು. ಫಲವೇನೆಂದರೆ, ೧೮೬೦ರ ಆದಿಯಲ್ಲಿ ಪೀಪಾಯಿಗೆ ಸುಮಾರು ೨೦ ಡಾಲರಿದ್ದ ಬೆಲೆಯು ೧೮೬೧ರ ಅಂತ್ಯದ ವೇಳೆಗೆ ೧೦ ಸೆಂಟುಗಳಿಗೆ ಇಳಿಯಿತು. ಪೀಪಾಯಿಯ ಮರದ ಬೆಲೆಯೂ ಅದರಿಂದ ಹುಟ್ಟುವಂತಿರಲಿಲ್ಲ. ಪಿಟ್‌ಹೋಲ್ ಎಂಬ ಊರು ೧೮೬೫ರಲ್ಲಿ ಕೆಲವೇ ತಿಂಗಳುಗಳಲ್ಲಿ ಸುಮಾರು ೧೫,೦೦೦ ಜನರ ಪಟ್ಟಣವಾಗಿ ಬೆಳೆದು, ಬಾವಿಗಳು ಬತ್ತಿದ ಬಳಿಕ ಕೆಲವು ವರ್ಷಗಳೊಳಗೆ ಹಾಳುಬಿದ್ದಿತು.

ಈ ಏರಿಳಿತದಿಂದ ದೂರದಲ್ಲಿ, ಓಹೈಯೋ ಸಂಸ್ಥಾನದ ಕ್ಲೀವ್‌ಲೆಂಡ್ ನಗರದಲ್ಲಿ, ಜಾನ್ ಡಿ. ರಾಕ್‌ಫೆಲರ್ ಎಂಬ ತರುಣನಿದ್ದನು. ೧೮೩೯ರಲ್ಲಿ ಹುಟ್ಟಿದ ಇವನು ಹದಿನಾರನೆಯ ವಯಸ್ಸಿನಲ್ಲಿ ಒಂದು ವರ್ತಕರ ಕೊಠಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದನು. ಲೆಕ್ಕದ ಪುಸ್ತಕದ ಶಿಸ್ತು ಅವನನ್ನು ಕಡೆಯವರೆಗೂ ಬಿಡಲಿಲ್ಲ. ಬಾವಿ ತೋಡುವುದು ಜೂಜಿನಂತೆ, ಎಣ್ಣೆಯನ್ನು ಶುದ್ಧಿಮಾಡಿ ಮಾರುವುದೇ ಸ್ಥಿರವಾದ ವ್ಯಾಪಾರವೆಂದು ಅವನು ಕಂಡುಕೊಂಡನು. ೧೮೬೩ರಲ್ಲಿ ಈ ಉದ್ಯಮಕ್ಕೆ ಕೈಹಾಕಿ, ೧೮೬೫ರಲ್ಲಿ ಪಾಲುದಾರರೊಡನೆ ನಡೆದ ಹರಾಜಿನಲ್ಲಿ ೭೨,೫೦೦ ಡಾಲರುಗಳಿಗೆ ಕಾರ್ಖಾನೆಯನ್ನು ತನ್ನದಾಗಿ ಮಾಡಿಕೊಂಡನು. ೧೮೭೦ರ ಜನವರಿ ೧೦ರಂದು ೧೦ ಲಕ್ಷ ಡಾಲರುಗಳ ಮೂಲಧನದಿಂದ ಓಹೈಯೋದ ಸ್ಟ್ಯಾಂಡರ್ಡ್ ಆಯಿಲ್ ಕಂಪೆನಿಯು ಸ್ಥಾಪಿತವಾಯಿತು.

ಕಂಪೆನಿಯ ಮಿತವ್ಯಯವು ಪ್ರಸಿದ್ಧವಾದುದು. ಹೊರದೇಶಗಳಿಗೆ ಕಳುಹಿಸುವ ಐದು ಗ್ಯಾಲನ್ನಿನ ತಗಡಿನ ಡಬ್ಬವನ್ನು ಮುಚ್ಚಲು ೪೦ ಹನಿ ಬೆಸುಗೆಯನ್ನು ಹಾಕುತ್ತಿದ್ದುದನ್ನು ರಾಕ್‌ಫೆಲರನು ಒಮ್ಮೆ ನೋಡಿ, ೩೮ ಹನಿಗಳಿಂದ ಆಗದೇ ಎಂದು ಕೇಳಿದನಂತೆ. ೩೮ ಹನಿಗಳಲ್ಲಿ ಕೆಲವು ಡಬ್ಬಗಳು ಸೋರಿದುವು; ೩೯ ಹನಿಗಳಲ್ಲಿ ಒಂದೂ ಸೋರಲಿಲ್ಲ. ಈ ಒಂದು ಹನಿಯಿಂದ ಮೊದಲನೆಯ ವರ್ಷವೇ ೨,೫೦೦ ಡಾಲರುಗಳು ಉಳಿದುವೆಂದು ಅವನೇ ಹೇಳಿಕೊಂಡಿದ್ದಾನೆ. ಪೀಪಾಯಿಗಳನ್ನು ತಾನೇ ಮಾಡಿಸುವುದು, ಹಿಂದೆ ಹೊಳೆಗೆ ಚೆಲ್ಲುತ್ತಿದ್ದ ಉಳಿಕೆಗಳಿಂದ ಮೇಣವನ್ನೂ ಯಂತ್ರಗಳಿಗೆ ಹಾಕುವ ಎಣ್ಣೆಯನ್ನೂ ತೆಗೆಯುವುದು, ಇವೆಲ್ಲವೂ ನಿಜವಾದ ದಕ್ಷತೆಯ ಕೆಲಸಗಳು. ಮೊದಲನೆಯ ಪಕ್ಷದವರ ವಾದಕ್ಕೆ ಇವು ಗಟ್ಟಿಯಾದ ನೆಲೆ.

೩

ಎರಡನೆಯ ಪಕ್ಷದವರ ವಾದವು ರೈಲುದಾರಿಯಿಂದ ಆರಂಭವಾಗುತ್ತದೆ. ಎಣ್ಣೆಯ ವ್ಯಾಪಾರದಲ್ಲಿ ಸಾಗಣೆಯ ವೆಚ್ಚವೇ ಬಹಳ ದೊಡ್ಡದು. ಪೆನ್ಸಿಲ್ವೇನಿಯಾ, ಈರಿ, ನ್ಯೂಯಾರ್ಕ್ ಸೆಂಟ್ರಲ್ ಎಂಬ ಮೂರು ರೈಲ್ವೆ ಕಂಪೆನಿಗಳು ಒಂದರ ಮೇಲೊಂದು ಬಿದ್ದು ದರಗಳನ್ನು ಇಳಿಸುತ್ತಿದ್ದುವು. ಪ್ರಕಟವಾದ ದರ ಒಂದು. ದೊಡ್ಡ ಗಿರಾಕಿಗೆ ಗುಟ್ಟಾಗಿ ಹಿಂದಿರುಗಿಸುವ ಸೋಡಿ ಮತ್ತೊಂದು. ಈ ಸೋಡಿಯ ಪದ್ಧತಿಯನ್ನು ಸ್ಟ್ಯಾಂಡರ್ಡ್ ಕಂಪೆನಿಯು ಹುಟ್ಟಿಸಿದುದಲ್ಲ. ಅದರ ಎದುರಾಳಿಗಳೂ ಕೈಲಾದಷ್ಟು ಪಡೆಯುತ್ತಿದ್ದರು. ಆದರೆ ೧೮೭೨ರಲ್ಲಿ ಹೊರಬಿದ್ದ ಯೋಜನೆಯು ಸೋಡಿಗಿಂತ ಬೇರೆಯ ಜಾತಿಯದು.

ಪೆನ್ಸಿಲ್ವೇನಿಯಾದ ಶಾಸನಸಭೆಯಿಂದ ಬಹು ವಿಶಾಲವಾದ ಅಧಿಕಾರಗಳುಳ್ಳ ಒಂದು ಸನ್ನದನ್ನು ಪಡೆದು, ಸೌತ್ ಇಂಪ್ರೂವ್‌ಮೆಂಟ್ ಕಂಪೆನಿ ಎಂಬ ನಿರುಪದ್ರವಿಯಾದ ಹೆಸರಿನಿಂದ ಒಂದು ಸಂಘವು ಏರ್ಪಟ್ಟಿತು. ಅದರ ೨,೦೦೦ ಷೇರುಗಳಲ್ಲಿ ೯೦೦ ರಾಕ್‌ಫೆಲರನಿಗೂ ಅವನ ಜತೆಯವರಿಗೂ ಸೇರಿದುವು. ೧೮೭೨ರ ಜನವರಿಯಲ್ಲಿ ಈ ಸಂಘವೂ ಮೂರು ರೈಲ್ವೆಗಳೂ ಒಪ್ಪಂದಕ್ಕೆ ಸಹಿಹಾಕಿದುವು. ಸಾಗಿಸಬೇಕಾದ ಎಣ್ಣೆಯಲ್ಲಿ ನೂರಕ್ಕೆ ೪೫ ಪಾಲು ಪೆನ್ಸಿಲ್ವೇನಿಯಾ ರೈಲ್ವೆಗೂ, ಉಳಿದ ಎರಡಕ್ಕೂ ತಲಾ ಇಪ್ಪತ್ತೇಳೂವರೆ ಪಾಲೂ ಹಂಚಿಕೆಯಾಯಿತು. ಪ್ರಕಟವಾದ ದರಗಳನ್ನು ಎಲ್ಲರಿಗೂ ಏರಿಸುವುದು, ಸಂಘದವರಿಗೆ ಮಾತ್ರ ಅದರಲ್ಲಿ ಒಂದು ಭಾಗವನ್ನು ಹಿಂದಕ್ಕೆ ಕೊಡುವುದು, ಎಂಬುದು ಒಪ್ಪಂದದ ಮೊದಲ ಅಂಶ.

ಇದರ ಹುರುಳು ಒಂದು ಉದಾಹರಣೆಯಿಂದ ಸ್ಪಷ್ಟವಾಗುವುದು. ಎಣ್ಣೆಯ ಸೀಮೆಯಿಂದ ಕ್ಲೀವ್‌ಲೆಂಡಿಗೆ ಕಚ್ಚಾ ಎಣ್ಣೆಯ ದರವು ಪೀಪಾಯಿಗೆ ೮೦ ಸೆಂಟು. ಸಂಘದ ಸದಸ್ಯನಿಗೆ ೪೦ ಸೆಂಟು ಹಿಂದಿರುಗಿ ಬರುವುದರಿಂದ ಅವನಿಗೆ ತಗಲುವುದು ೪೦ ಸೆಂಟು ಮಾತ್ರ. ಸದಸ್ಯನಲ್ಲದ ವರ್ತಕನು ಪೂರಾ ೮೦ ಸೆಂಟುಗಳನ್ನು ತೆರಬೇಕು. ಇಷ್ಟಕ್ಕೇ ನಿಲ್ಲದೆ, ಆ ಪರಕೀಯನು ತೆತ್ತ ೮೦ರಲ್ಲಿ ೪೦ ಸೆಂಟುಗಳನ್ನು ರೈಲ್ವೆಯವರು ಸಂಘಕ್ಕೆ ಒಪ್ಪಿಸಬೇಕು! ಎಂದರೆ ಎದುರಾಳಿಯು ಕಳುಹಿಸಿದ ಪ್ರತಿಯೊಂದು ಪೀಪಾಯಿಯೂ ಅವನನ್ನು ಮುರಿಯುವವರ ಬೊಕ್ಕಸಕ್ಕೆ ಹಣವನ್ನು ಹೊತ್ತು ತರುವುದು. ಇದರ ಮೇಲೆ, ಯಾರು ಯಾವ ದಿನ ಎಷ್ಟು ಎಣ್ಣೆಯನ್ನು ಎಲ್ಲಿಗೆ ಕಳುಹಿಸಿದರೆಂಬ ರವಾನೆಯ ಚೀಟಿಗಳನ್ನೂ ರೈಲ್ವೆಯವರು ಸಂಘಕ್ಕೆ ಕೊಡತಕ್ಕದ್ದೆಂದು ಗೊತ್ತಾಗಿತ್ತು. ಸಾರ್ವಜನಿಕ ಹೆದ್ದಾರಿಯನ್ನು ಕಾಯಬೇಕಾದವನೇ ದಾರಿಹೋಕರ ಗಂಟಿನ ಲೆಕ್ಕವನ್ನು ಅವರ ಹಗೆಗೆ ಒಪ್ಪಿಸಿದಂತಾಯಿತು.

ಫೆಬ್ರವರಿಯಲ್ಲಿ ದರಗಳು ಏರಿದ ಕೂಡಲೆ ಗುಟ್ಟು ರಟ್ಟಾಯಿತು. ಅದೇ ತಿಂಗಳ ೨೭ರಂದು ಟೈಟಸ್‌ವಿಲ್ಲಿನ ನಾಟಕಶಾಲೆಯಲ್ಲಿ ಸುಮಾರು ೩,೦೦೦ ಜನರು ನೆರೆದರು. ಸಂಘದವರಿಗೆ ಒಂದು ಪೀಪಾಯಿಯನ್ನೂ ಮಾರಕೂಡದೆಂದು ಬಾವಿಗಳ ಒಡೆಯರು ಕಟ್ಟುಮಾಡಿಕೊಂಡರು. ಮಾರ್ಚಿಯಲ್ಲಿ ರೈಲ್ವೆಯವರು ಒಪ್ಪಂದವನ್ನು ರದ್ದುಮಾಡಿದರು. ಏಪ್ರಿಲಿನಲ್ಲಿ ಶಾಸನಸಭೆಯು ಸನ್ನದನ್ನು ಹಿಂತೆಗೆದುಕೊಂಡಿತು. ಆ ಒಪ್ಪಂದದಂತೆ ಒಂದು ಪೀಪಾಯಿಯೂ ಸಾಗಲಿಲ್ಲ. ಆದರೆ ಈ ಕೆಲವು ವಾರಗಳ ಭಯದ ಅವಧಿಯಲ್ಲಿಯೇ ಕ್ಲೀವ್‌ಲೆಂಡಿನ ೨೬ ಕಾರ್ಖಾನೆಗಳಲ್ಲಿ ೨೨ ಸ್ಟ್ಯಾಂಡರ್ಡ್ ಕಂಪೆನಿಯ ವಶವಾದುವು. ನಡೆಯದೆ ಹೋದ ಒಪ್ಪಂದದ ನೆರಳೇ ನಡೆದ ಒಪ್ಪಂದದ ಕೆಲಸವನ್ನು ಮಾಡಿತು.

ಮುಂದಿನ ಏಳು ವರ್ಷಗಳಲ್ಲಿ, ಖರೀದಿಯಿಂದಲೂ ಷೇರುಗಳ ವಿನಿಮಯದಿಂದಲೂ ರೈಲ್ವೆಗಳೊಡನೆ ಮಾಡಿಕೊಂಡ ಹೊಸ ಒಡಂಬಡಿಕೆಗಳಿಂದಲೂ, ದೇಶದಲ್ಲಿ ಶುದ್ಧಿಯಾಗುವ ಎಣ್ಣೆಯಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ಈ ಕಂಪೆನಿಯ ಹಿಡಿತಕ್ಕೆ ಬಂದಿತು. ೧೮೭೯ರಲ್ಲಿ ಸ್ವತಂತ್ರ ವರ್ತಕರು ಟೈಡ್‌ವಾಟರ್ ಎಂಬ ಹೆಸರಿನಿಂದ ಪರ್ವತಗಳ ಮೇಲೆ ನೂರು ಮೈಲಿಗಳಿಗೂ ಮಿಕ್ಕಿದ ಕೊಳವೆಯ ದಾರಿಯನ್ನು ಹಾಕಿ ರೈಲಿನ ಹಂಗಿಲ್ಲದೆ ಎಣ್ಣೆಯನ್ನು ಹರಿಸಿದರು. ಸ್ಟ್ಯಾಂಡರ್ಡ್ ಕಂಪೆನಿಯು ಆ ಪಾಠವನ್ನು ಬೇಗನೆ ಕಲಿತು ತಾನೂ ಕೊಳವೆಗಳನ್ನು ಹಾಸಿತು. ಅದೇ ವರ್ಷ ಪೆನ್ಸಿಲ್ವೇನಿಯಾದ ಕ್ಲೇರಿಯನ್ ಜಿಲ್ಲೆಯ ಗ್ರ್ಯಾಂಡ್ ಜೂರಿಯು ರಾಕ್‌ಫೆಲರನೂ ಸೇರಿದಂತೆ ಒಂಬತ್ತು ಮಂದಿಯ ಮೇಲೆ ಒಳಸಂಚಿನ ಆರೋಪವನ್ನು ಹೊರಿಸಿತು. ೧೮೮೦ರಲ್ಲಿ ರಾಜಿಯಾಗಿ, ಮೊಕದ್ದಮೆಯು ವಿಚಾರಣೆಗೆ ಬರಲೇ ಇಲ್ಲ.

೪

ಆ ಕಾಲದ ಕಾನೂನಿನಂತೆ ಒಂದು ಸಂಸ್ಥಾನದ ಕಂಪೆನಿಯು ಮತ್ತೊಂದು ಸಂಸ್ಥಾನದ ಕಂಪೆನಿಯ ಷೇರುಗಳನ್ನು ಸರಾಗವಾಗಿ ಹೊಂದುವಂತಿರಲಿಲ್ಲ. ಈ ತೊಡಕನ್ನು ದಾಟಲು ಸ್ಯಾಮ್ಯುಯಲ್ ಡಾಡ್ ಎಂಬ ವಕೀಲನು ಒಂದು ಉಪಾಯವನ್ನು ಹೂಡಿದನು. ವಿಧವೆಯರ ಮತ್ತು ಅಪ್ರಾಪ್ತವಯಸ್ಕರ ಸ್ವತ್ತನ್ನು ನಂಬಿಕೆಯ ಮೇಲೆ ನೋಡಿಕೊಳ್ಳುವುದಕ್ಕಾಗಿ ಇದ್ದ ‘ಟ್ರಸ್ಟು’ ಎಂಬ ಹಳೆಯ ಏರ್ಪಾಟನ್ನು ವ್ಯಾಪಾರಕ್ಕೆ ತಂದನು. ೧೮೮೨ರ ಜನವರಿ ೨ರ ಕರಾರಿನಂತೆ ಸುಮಾರು ೪೦ ಕಂಪೆನಿಗಳ ಷೇರುಗಳು ಒಂಬತ್ತು ಟ್ರಸ್ಟಿಗಳ ಕೈ ಸೇರಿದುವು. ಷೇರುದಾರರಿಗೆ ಬದಲಾಗಿ ಟ್ರಸ್ಟಿನ ಪತ್ರಗಳು ದೊರೆತುವು. ಹೊರಗೆ ನೋಡುವವರಿಗೆ ನಲವತ್ತು ಕಂಪೆನಿಗಳು. ಒಳಗೆ ಒಂದೇ ಮನಸ್ಸು. ಕರಾರು ಗುಟ್ಟಾಗಿತ್ತು. ಪರಹಿತಕ್ಕಾಗಿ ಹುಟ್ಟಿದ ಈ ಪದವು ಅಮೆರಿಕಾದ ಇಂಗ್ಲಿಷಿನಲ್ಲಿ ಏಕಸ್ವಾಮ್ಯದ ಪರ್ಯಾಯಪದವಾಗಿ, ೧೮೯೦ರ ಶರ್ಮನ್ ಶಾಸನದಿಂದ ಮೊದಲಾದ ಕಾನೂನುಗಳಿಗೆ ‘ಟ್ರಸ್ಟ್-ವಿರೋಧಿ’ ಎಂಬ ಹೆಸರನ್ನೇ ತಂದಿತು. ಪದಗಳ ಅರ್ಥವು ಹೀನಾರ್ಥಕ್ಕೆ ಇಳಿಯುವುದಕ್ಕೆ ಇದು ಒಂದು ಒಳ್ಳೆಯ ನಿದರ್ಶನ.

ಗುಟ್ಟು ಬಯಲಾದ ರೀತಿಯೂ ಗಮನಾರ್ಹವಾಗಿದೆ. ಓಹೈಯೋ ಸಂಸ್ಥಾನದ ಅಟಾರ್ನಿ ಜನರಲ್ ಆಗಿದ್ದ ಡೇವಿಡ್ ವಾಟ್ಸನನು ೧೮೮೯ರಲ್ಲಿ ಕೊಲಂಬಸ್ ನಗರದ ಪುಸ್ತಕದಂಗಡಿಯೊಂದರಲ್ಲಿ ಟ್ರಸ್ಟುಗಳನ್ನು ಕುರಿತು ವಿಲಿಯಂ ಕುಕ್ ಎಂಬವನು ಬರೆದಿದ್ದ ಒಂದು ಸಣ್ಣ ಪುಸ್ತಕವನ್ನು ಕೊಂಡನು. ಅದರಲ್ಲಿ ಸ್ಟ್ಯಾಂಡರ್ಡ್ ಟ್ರಸ್ಟಿನ ಕರಾರು ಅಚ್ಚಾಗಿತ್ತು. ಓಹೈಯೋದ ಸನ್ನದಿನಿಂದ ಹುಟ್ಟಿದ ಕಂಪೆನಿಯು ತನ್ನ ಆಡಳಿತವನ್ನು ನ್ಯೂಯಾರ್ಕಿನ ಟ್ರಸ್ಟಿಗಳಿಗೆ ಒಪ್ಪಿಸಿರುವುದನ್ನು ಓದಿ, ಇದು ಸನ್ನದಿನ ಉಲ್ಲಂಘನೆಯೆಂದು ಅವನು ೧೮೯೦ರಲ್ಲಿ ದಾವೆ ಹೂಡಿದನು. ರಿಪಬ್ಲಿಕನ್ ಪಕ್ಷದ ಪ್ರಬಲ ಮುಂದಾಳು ಮಾರ್ಕ್ ಹ್ಯಾನಾ ಎಂಬವನು ದಾವೆಯನ್ನು ಕೈಬಿಡುವಂತೆ ಅವನಿಗೆ ಕಾಗದ ಬರೆದನು. ವಾಟ್ಸನನು ಬಿಡಲಿಲ್ಲ. ೧೮೯೨ರಲ್ಲಿ ಓಹೈಯೋದ ಉಚ್ಚ ನ್ಯಾಯಸ್ಥಾನವು ಕಂಪೆನಿಯು ಟ್ರಸ್ಟಿನಿಂದ ಬೇರ್ಪಡಬೇಕೆಂದು ತೀರ್ಪಿತ್ತಿತು.

ಟ್ರಸ್ಟು ಹೆಸರಿಗೆ ಮುರಿಯಿತು. ಆದರೆ ಒಡೆತನವು ಅದೇ ಕೆಲವರ ಕೈಯಲ್ಲಿ ಉಳಿಯಿತು. ಇಷ್ಟರಲ್ಲಿ ನ್ಯೂಜೆರ್ಸಿ ಸಂಸ್ಥಾನವು ತನ್ನ ಕಾನೂನನ್ನು ಬದಲಿಸಿ, ಒಂದು ಕಂಪೆನಿಯು ಇತರ ಕಂಪೆನಿಗಳ ಷೇರುಗಳನ್ನು ಹೊಂದಬಹುದೆಂದು ಅನುಮತಿ ಕೊಟ್ಟಿತ್ತು. ನೋಂದಣಿಯ ತೆರಿಗೆಯಿಂದ ಅದರ ಬೊಕ್ಕಸವೂ ತುಂಬಿತು. ೧೮೯೯ರಲ್ಲಿ ೧೧ ಕೋಟಿ ಡಾಲರುಗಳ ಮೂಲಧನದಿಂದ ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್ ಕಂಪೆನಿಯು ಎಲ್ಲವನ್ನೂ ತನ್ನ ಮಡಿಲಿಗೆ ಎಳೆದುಕೊಂಡಿತು. ಒಂದು ಸಂಸ್ಥಾನವು ಮುಚ್ಚಿದ ಬಾಗಿಲನ್ನು ಇನ್ನೊಂದು ಸಂಸ್ಥಾನವು ಕೂಲಿಗೆ ತೆರೆದಂತಾಯಿತು.

೫

ರಾಜಕೀಯ ಭ್ರಷ್ಟತೆಯ ವಿಷಯಕ್ಕೆ ಬರುವುದಕ್ಕೆ ಮೊದಲು ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ೧೯೧೩ರ ರಾಜ್ಯಾಂಗದ ತಿದ್ದುಪಡಿಯವರೆಗೆ ಅಮೆರಿಕಾದ ಸೆನೆಟ್ ಸಭೆಯ ಸದಸ್ಯರನ್ನು ಜನರು ನೇರವಾಗಿ ಆರಿಸುತ್ತಿರಲಿಲ್ಲ. ಆಯಾ ಸಂಸ್ಥಾನದ ಶಾಸನಸಭೆಯು ಆರಿಸುತ್ತಿತ್ತು. ಲಕ್ಷಾಂತರ ಮತದಾರರನ್ನು ಒಲಿಸುವುದಕ್ಕಿಂತ ನೂರಾರು ಶಾಸಕರನ್ನು ಒಲಿಸುವುದು ಸುಲಭ. ಹಣವಂತರ ಕಣ್ಣು ಸಂಸ್ಥಾನಗಳ ಸಭೆಗಳ ಮೇಲೆ ಬಿದ್ದುದಕ್ಕೆ ಇದೇ ಮುಖ್ಯ ಕಾರಣ.

೧೮೮೪ರ ಜನವರಿಯಲ್ಲಿ ಓಹೈಯೋದ ಶಾಸನಸಭೆಯು ಹೆನ್ರಿ ಪೇನ್ ಎಂಬವನನ್ನು ಸೆನೆಟಿಗೆ ಆರಿಸಿತು. ಅವನ ಮಗ ಆಲಿವರ್ ಪೇನನು ಸ್ಟ್ಯಾಂಡರ್ಡ್ ಕಂಪೆನಿಯ ಖಜಾಂಚಿ. ಸೋತವನು ಜಾರ್ಜ್ ಪೆಂಡಲ್ಟನ್. ಸರಕಾರಿ ಹುದ್ದೆಗಳನ್ನು ಯೋಗ್ಯತೆಯ ಮೇಲೆ ಕೊಡಬೇಕೆಂಬ ೧೮೮೩ರ ಶಾಸನಕ್ಕೆ ಕಾರಣನಾದವನು. ಶಾಸಕರಿಗೆ ಹಣ ಹಂಚಲಾಯಿತೆಂಬ ಕೂಗೆದ್ದು, ೧೮೮೬ರಲ್ಲಿ ಓಹೈಯೋದ ಸಭೆಯು ತನಿಖೆ ಮಾಡಿ ಕಾಗದಗಳನ್ನು ಸೆನೆಟಿಗೆ ಕಳುಹಿಸಿತು. ಸೆನೆಟ್ ಸಭೆಯು ವಿಚಾರಣೆಯನ್ನೇ ನಿರಾಕರಿಸಿತು. ಕಂಪೆನಿಯವರು ಆರೋಪವನ್ನು ಅಲ್ಲಗಳೆದರು. ವಿಚಾರಣೆಯೇ ನಡೆಯದಿದ್ದುದರಿಂದ ಆರೋಪವು ರುಜುವಾಗಲೂ ಇಲ್ಲ, ತೊಳೆದುಹೋಗಲೂ ಇಲ್ಲ. ಇಂತಹ ಪ್ರಸಂಗದಲ್ಲಿ ಚರಿತ್ರಕಾರನು ಆರೋಪವಿತ್ತೆಂಬುದನ್ನಷ್ಟೆ ದಾಖಲಿಸಿ ಸುಮ್ಮನಾಗಬೇಕಾಗುತ್ತದೆ.

ಆದರೆ ಮುಂದಿನ ಪ್ರಸಂಗದಲ್ಲಿ ಬರಹದ ಆಧಾರವೇ ದೊರೆಯಿತು. ಕಂಪೆನಿಯ ನಿತ್ಯದ ಆಡಳಿತವು ರಾಕ್‌ಫೆಲರನ ಕೈಯಿಂದ ಜಾನ್ ಆರ್ಚ್‌ಬೋಲ್ಡ್ ಎಂಬವನ ಕೈಗೆ ಬಂದಿತ್ತು. ಅವನ ಕಚೇರಿಯ ಇಬ್ಬರು ನೌಕರರು ಅವನ ಖಾಸಗಿ ಕಾಗದಗಳನ್ನು ಕದ್ದು ವಿಲಿಯಂ ರ‍್ಯಾಂಡಾಲ್ಫ್ ಹರ್ಸ್ಟನ ಪತ್ರಿಕೆಗೆ ಮಾರಿದರು. ಹರ್ಸ್ಟನು ಅವುಗಳನ್ನು ಕೆಲವು ವರ್ಷ ಕೈಯಲ್ಲಿಟ್ಟುಕೊಂಡಿದ್ದು, ೧೯೦೮ರ ಸೆಪ್ಟೆಂಬರಿನಲ್ಲಿ ಚುನಾವಣೆಯ ಸಭೆಗಳಲ್ಲಿ ಓದಿ ತೋರಿಸಿದನು. ಓಹೈಯೋದ ಸೆನೆಟರ್ ಜೋಸೆಫ್ ಫೋರೇಕರನಿಗೆ ೧೯೦೦ರಲ್ಲಿ ೧೫,೦೦೦ ಡಾಲರುಗಳನ್ನೂ, ಮುಂದೆ ೧೪,೫೦೦ ಡಾಲರುಗಳನ್ನೂ ಕಳುಹಿಸಿದುದು ಆ ಕಾಗದಗಳಲ್ಲಿ ಕಂಡುಬಂದಿತು. ಕಂಪೆನಿಗೆ ಒಗ್ಗದ ಮಸೂದೆಗಳ ವಿಷಯದಲ್ಲಿ ಅವನ ಗಮನವನ್ನು ಸೆಳೆಯುವ ಮಾತುಗಳೂ ಅದೇ ಪತ್ರವ್ಯವಹಾರದಲ್ಲಿದ್ದುವು.

ಫೋರೇಕರನು ಹಣ ಬಂದುದನ್ನು ಮರೆಮಾಚಲಿಲ್ಲ. ತಾನು ಕಂಪೆನಿಯ ವಕೀಲನಾಗಿದ್ದೆನೆಂದೂ, ಅದು ಓಹೈಯೋದ ವ್ಯವಹಾರಗಳಿಗೆ ಸಂಬಂಧಿಸಿದ ಫೀಸೆಂದೂ ವಾದಿಸಿದನು. ಸೆನೆಟ್ ಸದಸ್ಯರು ವಕೀಲಿಯನ್ನು ನಡೆಸುವುದು ಆಗ ಸಾಮಾನ್ಯವಾಗಿತ್ತು. ಇದೇ ಫೋರೇಕರನು ೧೯೦೬ರಲ್ಲಿ ಬ್ರೌನ್ಸ್‌ವಿಲ್ಲಿನ ಪ್ರಸಂಗದಲ್ಲಿ ವಿಚಾರಣೆಯಿಲ್ಲದೆ ವಜಾ ಆದ ೧೬೭ ಮಂದಿ ನೀಗ್ರೋ ಸೈನಿಕರ ಪರವಾಗಿ ಅಧ್ಯಕ್ಷ ರೂಸ್‌ವೆಲ್ಟನನ್ನೇ ಎದುರಿಸಿದ ಧೀರನೂ ಹೌದು. ಮನುಷ್ಯನ ಗುಣವು ಒಂದೇ ಬಣ್ಣದ್ದಲ್ಲ. ಆದರೂ ಶಾಸನವನ್ನು ತೂಗಬೇಕಾದ ಕೈಯೇ ಶಾಸನಕ್ಕೆ ಒಳಪಡುವವನಿಂದ ಫೀಸನ್ನು ಪಡೆದರೆ, ತಕ್ಕಡಿಯ ಮೇಲೆ ಯಾರಿಗೂ ನಂಬಿಕೆಯುಳಿಯದು. ೧೯೦೯ರಲ್ಲಿ ಅವನ ಸೆನೆಟಿನ ಸ್ಥಾನವು ಹೋಯಿತು.

ಈ ಪತ್ರಗಳ ಕಥೆಗೆ ಒಂದು ಎಚ್ಚರಿಕೆಯ ಅನುಬಂಧವಿದೆ. ೧೯೧೨ರಲ್ಲಿ ಹರ್ಸ್ಟನು ತನ್ನ ಮಾಸಪತ್ರಿಕೆಯಲ್ಲಿ ಕೆಲವು ಪತ್ರಗಳ ಪಡಿಯಚ್ಚುಗಳನ್ನು ಪ್ರಕಟಿಸಿದಾಗ, ಅವುಗಳಲ್ಲಿ ಕೆಲವು ಕೃತಕವೆಂದು ಕಾಲಿಯರ್ಸ್ ಎಂಬ ವಾರಪತ್ರಿಕೆಯು ತೋರಿಸಿತು. ನಿಜವಾದ ಪತ್ರಗಳ ಜತೆಗೆ ಖೋಟಾ ಪತ್ರಗಳು ಸೇರಿದರೆ ನಿಜಕ್ಕೇ ಹಾನಿ. ಹಸ್ತಪ್ರತಿಗಳನ್ನು ಶೋಧಿಸುವ ವಿದ್ವಾಂಸರಿಗೆ ಈ ಮಾತನ್ನು ಹೆಚ್ಚಾಗಿ ಹೇಳಬೇಕಾದುದಿಲ್ಲ.

ಚುನಾವಣೆಯ ವಂತಿಗೆಗಳು ಮೂರನೆಯ ಮಾರ್ಗ. ೧೮೯೬ರಲ್ಲಿ ಮೆಕಿನ್ಲಿಯ ಚುನಾವಣೆಗೆ ಕಂಪೆನಿಯು ೨,೫೦,೦೦೦ ಡಾಲರುಗಳನ್ನು ಕೊಟ್ಟಿತು. ೧೯೦೪ರಲ್ಲಿ ರೂಸ್‌ವೆಲ್ಟನ ಪಕ್ಷದ ನಿಧಿಗೆ ೧ ಲಕ್ಷ ಡಾಲರುಗಳು ಸಂದುವೆಂದು ಆರ್ಚ್‌ಬೋಲ್ಡನು ೧೯೧೨ರಲ್ಲಿ ಸೆನೆಟಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿದನು. ಅದನ್ನು ಹಿಂದಿರುಗಿಸಬೇಕೆಂದು ತಾನು ಆಜ್ಞೆ ಮಾಡಿದ್ದೆನೆಂದು ರೂಸ್‌ವೆಲ್ಟನು ಹೇಳಿದನು. ಕಂಪೆನಿಗಳು ರಾಷ್ಟ್ರದ ಚುನಾವಣೆಗಳಿಗೆ ಹಣ ಕೊಡಕೂಡದೆಂಬ ಟಿಲ್‌ಮನ್ ಶಾಸನವು ೧೯೦೭ರಲ್ಲಿ ಬಂದಿತು.

೬

ಈ ಸಂಗತಿಗಳೆಲ್ಲವೂ ಚೆಲ್ಲಾಪಿಲ್ಲಿಯಾಗಿದ್ದ ಕಾಲದಲ್ಲಿ ಅವುಗಳನ್ನು ಕೂಡಿಸಿ ಚರಿತ್ರೆಯಾಗಿ ಬರೆದವಳು ಐಡಾ ಟಾರ್ಬೆಲ್. ೧೮೫೭ರಲ್ಲಿ ಎಣ್ಣೆಯ ಸೀಮೆಯಲ್ಲಿಯೇ ಹುಟ್ಟಿದ ಈಕೆಯ ತಂದೆಯು ಎಣ್ಣೆ ತುಂಬುವ ಮರದ ತೊಟ್ಟಿಗಳನ್ನು ಮಾಡುತ್ತಿದ್ದವನು, ಮುಂದೆ ಸ್ವತಂತ್ರ ವರ್ತಕನಾದವನು. ೧೮೭೨ರ ಹೋರಾಟದಲ್ಲಿ ಆಕೆಯು ಹದಿನಾಲ್ಕು ವರ್ಷದ ಹುಡುಗಿ. ಮೆಕ್ಲೂರ್ಸ್ ಮಾಸಪತ್ರಿಕೆಯಲ್ಲಿ ೧೯೦೨ರ ನವೆಂಬರಿನಿಂದ ೧೯ ಭಾಗಗಳಾಗಿ ಪ್ರಕಟವಾದ ಆಕೆಯ ಬರಹವು ೧೯೦೪ರಲ್ಲಿ ಎರಡು ಸಂಪುಟಗಳ ಗ್ರಂಥವಾಯಿತು.

ಆಕೆಯ ಮಾರ್ಗವು ಜನರ ಬಾಯಿಮಾತಿಗಿಂತ ನ್ಯಾಯಸ್ಥಾನಗಳ ಮತ್ತು ಶಾಸನಸಭೆಗಳ ವಿಚಾರಣೆಯ ದಾಖಲೆಗಳನ್ನು ಹೆಚ್ಚಾಗಿ ಅವಲಂಬಿಸಿದುದು. ಸೌತ್ ಇಂಪ್ರೂವ್‌ಮೆಂಟ್ ಕಂಪೆನಿಯನ್ನು ಕುರಿತು ಆ ಕಾಲದಲ್ಲಿ ಅಚ್ಚಾಗಿದ್ದ ಕಿರುಹೊತ್ತಗೆಯು ಎಲ್ಲಿಯೂ ಸಿಕ್ಕದಂತಾಗಿದ್ದಾಗ, ನ್ಯೂಯಾರ್ಕಿನ ಸಾರ್ವಜನಿಕ ಪುಸ್ತಕಭಂಡಾರದಲ್ಲಿ ಒಂದು ಪ್ರತಿಯು ದೊರೆಯಿತು. ಪ್ರತಿಪಕ್ಷದ ಮಾತನ್ನು ಕೇಳದೆ ಬರೆಯಬಾರದೆಂದು, ಸ್ಟ್ಯಾಂಡರ್ಡಿನ ಮುಖಂಡರಲ್ಲೊಬ್ಬನಾದ ಹೆನ್ರಿ ರಾಜರ್ಸನನ್ನು ಸುಮಾರು ಎರಡು ವರ್ಷ ಆಗಾಗ ಕಂಡು ಪ್ರಶ್ನಿಸಿದಳು. ಇಷ್ಟರಲ್ಲಿ ಒಂದು ವಿಶೇಷ ನಡೆಯಿತು. ಕಂಪೆನಿಯ ಕಚೇರಿಯೊಂದರಲ್ಲಿ ಹಳೆಯ ಕಾಗದಗಳನ್ನು ಸುಡುವ ಕೆಲಸಕ್ಕಿದ್ದ ಹುಡುಗನೊಬ್ಬನು, ಒಂದು ರಾತ್ರಿ ಆ ಕಾಗದಗಳಲ್ಲಿ ತನಗೆ ಭಾನುವಾರದ ಧರ್ಮಪಾಠವನ್ನು ಹೇಳಿಕೊಡುತ್ತಿದ್ದವನ ಹೆಸರನ್ನು ಕಂಡನು. ಆ ಉಪಾಧ್ಯಾಯನು ಸ್ವತಂತ್ರ ಎಣ್ಣೆ ವರ್ತಕ. ಅವನ ಸರಕು ಯಾವಾಗ ಎಲ್ಲಿಗೆ ಹೊರಟಿತೆಂಬ ವಿವರವು ರೈಲ್ವೆಯ ಕಚೇರಿಯಿಂದ ಸ್ಟ್ಯಾಂಡರ್ಡಿಗೆ ಬಂದಿತ್ತು. ಅದನ್ನು ತಡೆಯಬೇಕೆಂಬ ಸೂಚನೆಯೂ ಅಲ್ಲಿತ್ತು. ಹುಡುಗನು ಕಾಗದಗಳನ್ನು ಸುಡದೆ ಉಪಾಧ್ಯಾಯನಿಗೆ ಕೊಟ್ಟನು. ಅವು ಟಾರ್ಬೆಲಳ ಕೈ ಸೇರಿದುವು. ೧೮೭೨ರ ಒಪ್ಪಂದದ ಗುಪ್ತಚಾರಿಕೆಯ ಅಂಶವು ಮೂವತ್ತು ವರ್ಷಗಳ ಮೇಲೂ ಬದುಕಿದ್ದಿತೆಂಬುದಕ್ಕೆ ಇದು ಸಾಕ್ಷಿಯಾಯಿತು. ಅದು ಅಚ್ಚಾದ ಬಳಿಕ ರಾಜರ್ಸನ ಬಾಗಿಲು ಆಕೆಗೆ ಮುಚ್ಚಿತು.

ಟಾರ್ಬೆಲಳ ಗ್ರಂಥವು ನಿರ್ದೋಷವಾದುದಲ್ಲ. ಬ್ಯಾಕಸ್ ಎಂಬ ವಿಧವೆಯ ಕಾರ್ಖಾನೆಯನ್ನು ಕಂಪೆನಿಯು ಅನ್ಯಾಯದ ಬೆಲೆಗೆ ಕೊಂಡಿತೆಂದು ಆಕೆ ಬರೆದುದನ್ನು, ೧೯೪೦ರಲ್ಲಿ ರಾಕ್‌ಫೆಲರನ ಜೀವನಚರಿತ್ರೆಯನ್ನು ಬರೆದ ಅಲನ್ ನೆವಿನ್ಸನು ಒಪ್ಪಲಿಲ್ಲ; ಕೊಟ್ಟ ಬೆಲೆಯು ನ್ಯಾಯವಾದುದೆಂದು ಅವನ ಮತ. ಎದುರಾಳಿಗಳನ್ನು ಮುರಿಯಲು ನಷ್ಟದ ಬೆಲೆಗೆ ಮಾರುತ್ತಿದ್ದರೆಂಬ ಪ್ರಸಿದ್ಧವಾದ ಆರೋಪಕ್ಕೆ ಮೊಕದ್ದಮೆಯ ದಾಖಲೆಯಲ್ಲಿ ಸಾಕಷ್ಟು ಆಧಾರವಿಲ್ಲವೆಂದು ೧೯೫೮ರಲ್ಲಿ ಜಾನ್ ಮೆಕ್‌ಗೀ ಎಂಬ ಅರ್ಥಶಾಸ್ತ್ರಜ್ಞನು ವಾದಿಸಿದನು. ಆದರೆ ೧೯೯೬ರಲ್ಲಿ ಗ್ರ್ಯಾನಿಟ್ಸ್ ಮತ್ತು ಕ್ಲೈನ್ ಎಂಬ ವಿದ್ವಾಂಸರು ರೈಲ್ವೆಗಳ ಒಪ್ಪಂದವನ್ನು ಮತ್ತೆ ಪರಿಶೀಲಿಸಿ, ಸ್ಟ್ಯಾಂಡರ್ಡಿನ ಏಕಸ್ವಾಮ್ಯಕ್ಕೆ ಮೂಲವು ಎದುರಾಳಿಗಳ ಸಾಗಣೆಯ ವೆಚ್ಚವನ್ನು ರೈಲ್ವೆಗಳ ಮೂಲಕ ಏರಿಸಿದುದೇ ಎಂದು ತೋರಿಸಿದರು. ಟಾರ್ಬೆಲಳ ಕಟ್ಟಡದ ಕೆಲವು ಕಿಟಕಿಗಳು ಕಳಚಿದರೂ ಅಡಿಪಾಯವು ಅಲುಗಲಿಲ್ಲವೆಂದು ಹೇಳಬಹುದು. ಗ್ಯಾಲನ್ನಿಗೆ ೧೮೭೦ರಲ್ಲಿ ಸುಮಾರು ೨೬ ಸೆಂಟಿದ್ದ ದೀಪದ ಎಣ್ಣೆಯು ೧೮೮೦ರ ದಶಕದಲ್ಲಿ ೮–೯ ಸೆಂಟಿಗೆ ಇಳಿದುದೂ ಅಷ್ಟೇ ನಿಜ. ದಕ್ಷತೆಯೂ ಅನ್ಯಾಯವೂ ಒಂದೇ ಮನೆಯಲ್ಲಿ ವಾಸಮಾಡಬಲ್ಲುವು. ಒಂದು ಇದ್ದುದರಿಂದ ಮತ್ತೊಂದು ಇರಲಿಲ್ಲವೆಂದು ಸಾಧಿಸಿದಂತಾಗುವುದಿಲ್ಲ.

೭

೧೯೦೬ರ ನವೆಂಬರಿನಲ್ಲಿ ಕೇಂದ್ರ ಸರಕಾರವು ಶರ್ಮನ್ ಶಾಸನದಂತೆ ದಾವೆ ಹೂಡಿತು. ೨೩ ಸಂಪುಟಗಳಲ್ಲಿ ಸುಮಾರು ೧೨,೦೦೦ ಪುಟಗಳ ದಾಖಲೆಯು ಬೆಳೆಯಿತು. ೧೯೧೧ರ ಮೇ ೧೫ರಂದು ಸರ್ವೋಚ್ಚ ನ್ಯಾಯಸ್ಥಾನದ ಮುಖ್ಯ ನ್ಯಾಯಾಧೀಶ ಎಡ್ವರ್ಡ್ ವೈಟನು ತೀರ್ಪನ್ನು ಓದಿದನು. ಕಂಪೆನಿಯು ತನ್ನ ೩೩ ಅಂಗಸಂಸ್ಥೆಗಳನ್ನು ಬಿಟ್ಟುಕೊಡಬೇಕಾಯಿತು. ಎಲ್ಲ ಕೂಟಗಳೂ ದೋಷಯುಕ್ತವಲ್ಲ, ಅಯುಕ್ತವಾದವು ಮಾತ್ರ ನಿಷಿದ್ಧವೆಂಬ ಸೂತ್ರವನ್ನೂ ತೀರ್ಪು ಸ್ಥಾಪಿಸಿತು. ಶಾಸನದಲ್ಲಿಲ್ಲದ ಮಾತನ್ನು ನ್ಯಾಯಸ್ಥಾನವು ಸೇರಿಸುತ್ತಿದೆಯೆಂದು ನ್ಯಾಯಾಧೀಶ ಹಾರ್ಲನನು ಆಕ್ಷೇಪಿಸಿದನು. ಒಡೆದ ಭಾಗಗಳ ಷೇರುಗಳು ಪೇಟೆಯಲ್ಲಿ ಏರಿ, ರಾಕ್‌ಫೆಲರನ ಐಶ್ವರ್ಯವು ಮೊದಲಿಗಿಂತ ಹೆಚ್ಚಿತು. ಈ ತುಂಡುಗಳಲ್ಲಿ ಒಂದರ ವಂಶವು ಇಂಡಿಯಾ ದೇಶವನ್ನೂ ಮುಟ್ಟಿದೆ. ನ್ಯೂಜೆರ್ಸಿಯ ಕಂಪೆನಿಯು ತಾಳಿದ ‘ಎಸ್ಸೊ’ ಎಂಬ ಹೆಸರು ಸ್ಟ್ಯಾಂಡರ್ಡ್ ಆಯಿಲ್ ಎಂಬುದರ ಮೊದಲಕ್ಷರಗಳ ಉಚ್ಚಾರವೇ. ಇಂಡಿಯಾದಲ್ಲಿದ್ದ ಎಸ್ಸೊ ಉದ್ಯಮವನ್ನು ೧೯೭೪ರಲ್ಲಿ ಸರಕಾರವು ವಹಿಸಿಕೊಂಡು ಹಿಂದೂಸ್ಥಾನ್ ಪೆಟ್ರೋಲಿಯಂ ಸಂಸ್ಥೆಯನ್ನು ಕಟ್ಟಿತು.

ಕೂಟವನ್ನು ಒಡೆದುದರಿಂದ ಎಣ್ಣೆಯ ಹಣವು ರಾಜ್ಯಾಂಗವನ್ನು ಬಿಟ್ಟುಹೋಗಲಿಲ್ಲ. ೧೯೨೧ರಲ್ಲಿ ಅಧ್ಯಕ್ಷ ಹಾರ್ಡಿಂಗನು ನೌಕಾಬಲಕ್ಕಾಗಿ ಕಾದಿರಿಸಿದ್ದ ಎಣ್ಣೆಯ ನೆಲಗಳನ್ನು ಒಳನಾಡಿನ ಖಾತೆಯ ಮಂತ್ರಿ ಆಲ್ಬರ್ಟ್ ಫಾಲನ ವಶಕ್ಕೆ ಕೊಟ್ಟನು. ಫಾಲನು ೧೯೨೨ರಲ್ಲಿ ವಯೋಮಿಂಗಿನ ಟೀಪಾಟ್ ಡೋಮ್ ಎಂಬುದನ್ನು ಹ್ಯಾರಿ ಸಿಂಕ್ಲೇರನಿಗೂ, ಕ್ಯಾಲಿಫೋರ್ನಿಯಾದ ಎಲ್ಕ್ ಹಿಲ್ಸ್ ಎಂಬುದನ್ನು ಎಡ್ವರ್ಡ್ ಡೊಹೇನಿಗೂ ಬಹಿರಂಗ ಸವಾಲಿಲ್ಲದೆ ಗುತ್ತಿಗೆ ಕೊಟ್ಟನು. ಸೆನೆಟರ್ ಥಾಮಸ್ ವಾಲ್ಷನು ೧೯೨೩ರ ಅಕ್ಟೋಬರಿನಿಂದ ನಡೆಸಿದ ವಿಚಾರಣೆಯಲ್ಲಿ, ಡೊಹೇನಿಯ ಮಗನು ೧ ಲಕ್ಷ ಡಾಲರುಗಳನ್ನು ಕಪ್ಪು ಚೀಲದಲ್ಲಿ ಫಾಲನಿಗೆ ಒಯ್ದುಕೊಟ್ಟುದು ಹೊರಬಿದ್ದಿತು. ಡೊಹೇನಿಯು ಅದನ್ನು ಹಳೆಯ ಗೆಳೆಯನಿಗೆ ಕೊಟ್ಟ ಸಾಲವೆಂದು ಹೇಳಿ, ಸಹಿಯ ಭಾಗವು ಹರಿದುಹೋಗಿದ್ದ ಒಂದು ಸಾಲಪತ್ರವನ್ನೂ ತೋರಿಸಿದನು. ಸಿಂಕ್ಲೇರನಿಂದ ಸಂದ ಸರಕಾರಿ ಬಾಂಡುಗಳನ್ನು ಅವುಗಳ ಕ್ರಮಸಂಖ್ಯೆಗಳಿಂದಲೇ ಪತ್ತೆಹಚ್ಚಲಾಯಿತು. ೧೯೨೭ರಲ್ಲಿ ಸರ್ವೋಚ್ಚ ನ್ಯಾಯಸ್ಥಾನವು ಗುತ್ತಿಗೆಗಳನ್ನು ರದ್ದುಪಡಿಸಿತು. ೧೯೨೯ರಲ್ಲಿ ಫಾಲನಿಗೆ ಲಂಚ ತೆಗೆದುಕೊಂಡುದಕ್ಕಾಗಿ ಒಂದು ವರ್ಷದ ಸಜೆಯಾಯಿತು. ಅಧಿಕಾರದಲ್ಲಿದ್ದಾಗ ಮಾಡಿದ ಅಪರಾಧಕ್ಕಾಗಿ ಸೆರೆಮನೆಗೆ ಹೋದ ಅಮೆರಿಕಾದ ಮಂತ್ರಿಗಳಲ್ಲಿ ಅವನೇ ಮೊದಲಿಗನು. ಅದೇ ಲಂಚವನ್ನು ಕೊಟ್ಟ ಆರೋಪದಿಂದ ೧೯೩೦ರಲ್ಲಿ ಡೊಹೇನಿಯು ಬಿಡುಗಡೆಯಾದನು. ತೆಗೆದುಕೊಂಡವನುಂಟು, ಕೊಟ್ಟವನಿಲ್ಲ!

ಇದೇ ಪ್ರಸಂಗದ ಬಾಂಡುಗಳಲ್ಲಿ ಇಂಡಿಯಾನಾದ ಸ್ಟ್ಯಾಂಡರ್ಡ್ ಆಯಿಲ್ ಕಂಪೆನಿಯ ಮುಖ್ಯಸ್ಥ ರಾಬರ್ಟ್ ಸ್ಟುವರ್ಟನಿಗೂ ಪಾಲು ಬಂದಿದ್ದಿತು. ನ್ಯಾಯಸ್ಥಾನಗಳು ಅವನನ್ನು ದಂಡಿಸಲಿಲ್ಲ. ಆದರೆ ಕಂಪೆನಿಯ ದೊಡ್ಡ ಷೇರುದಾರನಾಗಿದ್ದ ಕಿರಿಯ ಜಾನ್ ಡಿ. ರಾಕ್‌ಫೆಲರನು ೧೯೨೯ರ ಮಾರ್ಚಿಯಲ್ಲಿ ಷೇರುದಾರರ ಮತಗಳನ್ನು ಕೂಡಿಸಿ ಅವನನ್ನು ಹುದ್ದೆಯಿಂದ ಇಳಿಸಿದನು. ತಂದೆಯ ಮೇಲೆ ಬಂದ ಅಪವಾದವನ್ನು ಬಾಲ್ಯದಿಂದ ಕೇಳುತ್ತ ಬೆಳೆದ ಮಗನು ಈ ಕೆಲಸವನ್ನು ಮಾಡಿದುದು ಅರ್ಥವತ್ತಾಗಿದೆ.

ಈ ಎಪ್ಪತ್ತು ವರ್ಷಗಳ ಚರಿತ್ರೆಯನ್ನು ಒಟ್ಟಾಗಿ ನೋಡಿದಾಗ ಒಂದು ಅಂಶವು ಎದ್ದು ಕಾಣುತ್ತದೆ. ಹಣವು ಪ್ರತಿಯೊಂದು ಸಲವೂ ಬೇರೆಬೇರೆಯ ಹೆಸರಿನಿಂದ ಕೈ ಬದಲಾಯಿಸಿತು. ರೈಲ್ವೆಯ ಲೆಕ್ಕದಲ್ಲಿ ಅದು ಸೋಡಿ. ಫೋರೇಕರನ ಲೆಕ್ಕದಲ್ಲಿ ಫೀಸು. ಪಕ್ಷದ ಲೆಕ್ಕದಲ್ಲಿ ವಂತಿಗೆ. ಡೊಹೇನಿಯ ಲೆಕ್ಕದಲ್ಲಿ ಸಾಲ. ಲಂಚವೆಂಬ ಶಿರೋನಾಮೆಯು ಯಾವ ಲೆಕ್ಕದ ಪುಸ್ತಕದಲ್ಲಿಯೂ ಇರಲಿಲ್ಲ. ಆ ಹೆಸರುಗಳಲ್ಲಿ ಕೆಲವು ನಿಜವಾಗಿಯೂ ಯುಕ್ತವಾಗಿದ್ದಿರಬಹುದು, ಕೆಲವು ಮುಸುಕಾಗಿದ್ದುವು. ಇವೆರಡನ್ನು ಬೇರ್ಪಡಿಸುವ ಕೆಲಸವೇ ಶಾಸನಕಾರನದೂ ನ್ಯಾಯಾಧೀಶನದೂ ಚರಿತ್ರಕಾರನದೂ ಆಗಿದೆ. ಆ ಕೆಲಸಕ್ಕೆ ನೆರವಾದುವು ಅಂಗಡಿಯಲ್ಲಿ ಸಿಕ್ಕಿದ ಒಂದು ಸಣ್ಣ ಪುಸ್ತಕ, ಪುಸ್ತಕಭಂಡಾರದಲ್ಲಿ ಉಳಿದ ಒಂದು ಪ್ರತಿ, ಬೆಂಕಿಗೆ ಬೀಳದೆ ಉಳಿದ ಕೆಲವು ಕಾಗದಗಳು. ಬರಹವನ್ನು ಕಾಪಾಡಿದವರು ತಾವು ಎಷ್ಟು ದೊಡ್ಡದನ್ನು ಕಾಪಾಡುತ್ತಿದ್ದೇವೆಂದು ಆಗ ಅರಿತಿರಲಾರರು.